ಓದುಗರ ಪ್ರಶ್ನೆ: ಮನೆ ನಿಲ್ಲಿಸಿದ ದೊಡ್ಡಮ್ಮನನ್ನು ಬರೆಯುವುದು ಹೇಗೆ?

ಈ ಸಂಚಿಕೆಗೆ ಆಯ್ದುಕೊಂಡ ನಾಲ್ಕೂ ಪತ್ರಗಳು ಒಂದೇ ವಿಷಯಕ್ಕೆ ಸೇರಿದವು. ಕುಟುಂಬದ ಭಾರ ಹೊತ್ತ ದೊಡ್ಡಮ್ಮನನ್ನೋ ಅತ್ತೆಯನ್ನೋ ಚಿಗವ್ವನನ್ನೋ ನೆನೆದು ಬರೆಯಲು ಹೊರಟವರು ಈ ಪತ್ರಗಳನ್ನು ಬರೆದಿದ್ದಾರೆ. ಮೊದಲ ಪತ್ರಕ್ಕೆ ಕೊಟ್ಟ ಉತ್ತರದ ಬಹುಪಾಲು ಉಳಿದವರಿಗೂ ಅನ್ವಯಿಸುವುದರಿಂದ ಅದನ್ನು ದೀರ್ಘವಾಗಿಯೇ ಬರೆದಿದ್ದೇನೆ.

ಪ್ರಶ್ನೆ: ನಮ್ಮ ತಾಯಿಯ ಅಕ್ಕ, ನಮಗೆಲ್ಲ ದೊಡ್ಡಮ್ಮ, ಕಳೆದ ವರ್ಷ ತೀರಿಕೊಂಡರು. ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡಿದ್ದ ಅವರಿಗೆ ಮಕ್ಕಳಿರಲಿಲ್ಲ. ಚಾಲಗೇಣಿಯ ಒಂದು ತುಂಡು ಗದ್ದೆ, ಮುಳಿಹುಲ್ಲಿನ ಮನೆ ಮತ್ತು ಬೀಡಿ ಕಟ್ಟುವ ಕೆಲಸ, ಇಷ್ಟನ್ನೇ ನೆಚ್ಚಿಕೊಂಡು ಅವರು ತಾಯಿಯಿಲ್ಲದ ನಮ್ಮನ್ನು, ಅಂದರೆ ತಮ್ಮ ತಂಗಿಯ ಮೂವರು ಮಕ್ಕಳನ್ನು, ಸಾಕಿ ಓದಿಸಿದರು. ಭೂಸುಧಾರಣೆಯ ಕಾಲದಲ್ಲಿ ಗದ್ದೆಯ ಅರ್ಜಿ ತನ್ನ ಹೆಸರಿನಲ್ಲಿರಲಿ ಎಂದು ಅವರ ಮೈದುನ ಹಟ ಹಿಡಿದಿದ್ದರೂ ದೊಡ್ಡಮ್ಮ ಒಪ್ಪದೆ ತಾವೇ ಅರ್ಜಿ ಕೊಟ್ಟರು ಎಂದು ಕೇಳಿದ್ದೇವೆ. ವರ್ಷಾಂತಿಕದ ದಿನ ಒಂದು ಚಿಕ್ಕ ಪುಸ್ತಿಕೆ ಹಂಚಬೇಕೆಂದಿದ್ದೇವೆ. ಮನೆಯ ಹಿರಿಯರು ಈಗಾಗಲೇ ಬರೆದಿಟ್ಟಿರುವ ಬರಹದ ತುಂಬ ‘ತ್ಯಾಗಮಯಿ’, ‘ಸಹನಾಮೂರ್ತಿ’ ಎಂಬ ಮಾತುಗಳೇ ಇವೆ. ಮೈದುನನ ವಿಷಯವನ್ನು ಎತ್ತಬಾರದು ಎಂದೂ ಅವರು ಹೇಳುತ್ತಾರೆ. ಓದಿದರೆ ನನಗೆ ಅದರಲ್ಲಿ ದೊಡ್ಡಮ್ಮ ಕಾಣಿಸುವುದೇ ಇಲ್ಲ. ನಾನು ಏನು ಬರೆಯಲಿ?
(ಹೆಸರು ಬೇಡ, ಪುತ್ತೂರು ತಾಲ್ಲೂಕು)

ಉತ್ತರ: ನಿಮ್ಮ ಹಿರಿಯರು ಪ್ರೀತಿಯಿಂದಲೇ ಬರೆದಿದ್ದಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಬರಹದಿಂದ ದೊಡ್ಡಮ್ಮನ ಹೆಸರನ್ನು ತೆಗೆದು ಊರಿನ ಇನ್ನೊಬ್ಬ ವಿಧವೆಯ ಹೆಸರನ್ನು ಸೇರಿಸಿದರೂ ಒಂದು ವಾಕ್ಯವನ್ನೂ ಬದಲಿಸಬೇಕಾಗಿ ಬರುವುದಿಲ್ಲ. ನಿಮಗೆ ಅವರು ಅಲ್ಲಿ ಕಾಣದಿರುವುದಕ್ಕೆ ಕಾರಣ ಇದೇ. ‘ಸಹನಾಮೂರ್ತಿ’ ಎಂಬ ಪದದಲ್ಲಿ ನನಗೆ ಇನ್ನೊಂದು ತೊಂದರೆಯೂ ಕಾಣುತ್ತದೆ. ಸಹಿಸಿಕೊಂಡಳು ಎಂದು ಕೊಂಡಾಡಿದಾಗ ಅವಳು ಏನನ್ನು ಸಹಿಸಿದಳು, ಅದನ್ನು ಅವಳ ಮೇಲೆ ಹೊರಿಸಿದವರು ಯಾರು ಎಂಬ ಪ್ರಶ್ನೆಗಳು ಹಾಗೆಯೇ ಮರೆಯಾಗುತ್ತವೆ. ನಿಮ್ಮ ಪತ್ರದಲ್ಲಿ ನೀವೇ ಬರೆದಿರುವ ಎರಡು ಸಂಗತಿಗಳು, ಬೀಡಿ ಮತ್ತು ಗದ್ದೆಯ ಅರ್ಜಿ, ಆ ಇಡೀ ಬರಹಕ್ಕಿಂತ ಹೆಚ್ಚು ಹೇಳುತ್ತವೆ. ಪುಸ್ತಿಕೆಯನ್ನು ಅವುಗಳ ಮೇಲೆಯೇ ಕಟ್ಟಿ ಎಂಬುದು ನನ್ನ ಸಲಹೆ.

ಮೊದಲು ಬೀಡಿಯ ಮಾತು. ‘ಬೀಡಿ ಕಟ್ಟಿ ಸಾಕಿದರು’ ಎಂಬ ಒಂದು ಸಾಲನ್ನು ಕರಾವಳಿಯ ನೂರಾರು ಮನೆಗಳಲ್ಲಿ ಹೇಳುತ್ತಾರೆ, ಆದರೆ ಬೀಡಿ ಕಟ್ಟುವುದೆಂದರೆ ಏನೆಂದು ಪೇಟೆಯಲ್ಲಿ ಬೆಳೆದ ಮೊಮ್ಮಕ್ಕಳಿಗೆ ಇಂದು ಗೊತ್ತಿಲ್ಲ. ಅದನ್ನು ಬಿಡಿಸಿ ಬರೆಯಿರಿ. ಮಧ್ಯಪ್ರದೇಶ, ಒಡಿಶಾ, ಮಹಾರಾಷ್ಟ್ರಗಳ ಕಾಡಿನಿಂದ ಬಂದ ಎಲೆಯ ಕಟ್ಟನ್ನು ಬ್ರಾಂಚಿನಿಂದ, ಅಂದರೆ ಬೀಡಿ ಕಂಪನಿಯ ಸ್ಥಳೀಯ ಕೇಂದ್ರದಿಂದ, ಮನೆಗೆ ಹೊತ್ತು ತರುವುದು, ನೀರಿನಲ್ಲಿ ನೆನೆಸಿ ಮೆದುವಾಗಿಸುವುದು, ಅಳತೆಯ ತಗಡನ್ನಿಟ್ಟು ಕತ್ತರಿಯಿಂದ ಒಂದೊಂದೇ ಎಲೆಯನ್ನು ಕತ್ತರಿಸುವುದು, ಮಡಿಲಿನ ಮೊರದಲ್ಲಿ ಹೊಗೆಸೊಪ್ಪಿನ ಪುಡಿಯನ್ನಿಟ್ಟುಕೊಂಡು ತುಂಬಿ ಸುರುಳಿ ಸುತ್ತಿ ನೂಲು ಕಟ್ಟುವುದು, ತುದಿ ಮಡಚುವುದು, ಇಪ್ಪತ್ತೈದರ ಕಟ್ಟುಗಳನ್ನಾಗಿ ಮಾಡಿ ಮರಳಿ ಬ್ರಾಂಚಿಗೆ ಒಯ್ಯುವುದು, ಇವೆಲ್ಲವನ್ನೂ ಅಡುಗೆ, ದನಕರು, ಗದ್ದೆಯ ಕೆಲಸಗಳ ನಡುವೆ ಬಿಡುವು ಮಾಡಿಕೊಂಡು ಮುಗಿಸಬೇಕಾಗಿತ್ತು. ಕೂಲಿ ಸಾವಿರ ಬೀಡಿಗೆ ಇಷ್ಟೆಂದು ನಿಗದಿಯಾಗುತ್ತಿತ್ತು. ಸರಿಯಿಲ್ಲವೆಂದು ಅಲ್ಲಿ ತೆಗೆದು ಹಾಕಿದ ಬೀಡಿಗಳು ಲೆಕ್ಕಕ್ಕೆ ಬರುತ್ತಿರಲಿಲ್ಲ, ಎಲೆ ಕಡಿಮೆ ಬಿದ್ದರೆ ಆ ನಷ್ಟವೂ ಕಟ್ಟಿದವರಿಗೇ ತಟ್ಟುತ್ತಿತ್ತು. ನಿಮ್ಮ ದೊಡ್ಡಮ್ಮ ದಿನಕ್ಕೆ ಎಷ್ಟು ಕಟ್ಟುತ್ತಿದ್ದರು, ಬೆಳಿಗ್ಗೆ ಕೂರುತ್ತಿದ್ದರೋ ರಾತ್ರಿ ಚಿಮಿಣಿ ದೀಪದಲ್ಲೋ, ನೀವು ಮಕ್ಕಳು ಶಾಲೆಯಿಂದ ಬಂದು ನೂಲು ಕಟ್ಟಿಕೊಡುತ್ತಿದ್ದಿರೋ ಎಂಬುದು ನಿಮಗೇ ಗೊತ್ತಿರಬೇಕು. ವಾರದ ಮಜೂರಿಯಲ್ಲಿ ಯಾವುದಕ್ಕೆ ಮೊದಲು ಹಣ ತೆಗೆದಿಡುತ್ತಿದ್ದರು ಎಂಬುದನ್ನು ನೆನಪಿಸಿಕೊಳ್ಳಿ. ಅಕ್ಕಿಗೋ, ಶಾಲೆಯ ಫೀಸಿಗೋ, ಅಂಗಡಿಯ ಸಾಲಕ್ಕೋ? ಒಬ್ಬ ಮನುಷ್ಯಳ ಮನಸ್ಸು ಹಣದ ಲೆಕ್ಕದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಹೊಗಳಿಕೆಯಲ್ಲಿ ಎಂದೂ ಕಾಣುವುದಿಲ್ಲ.

ಈ ಕೆಲಸವನ್ನು ಮನೆಯವರು ‘ಏನೋ ಕೈಬಿಡುವಿನ ಕೆಲಸ’ ಎಂದು ಭಾವಿಸುವುದುಂಟು. ಕಾನೂನು ಹಾಗೆ ಭಾವಿಸಲಿಲ್ಲ. ಬೀಡಿ ಕಾರ್ಮಿಕರ ಕೆಲಸದ ಷರತ್ತುಗಳಿಗಾಗಿ 1966ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತು, 1976ರಲ್ಲಿ ಅವರ ಕಲ್ಯಾಣ ನಿಧಿಯ ಕಾಯ್ದೆ ಬಂದಿತು, 1977ರಲ್ಲಿ ಭವಿಷ್ಯನಿಧಿಯ (ಪಿ.ಎಫ್.) ಸೌಲಭ್ಯ ಬೀಡಿ ಉದ್ಯಮಕ್ಕೂ ವಿಸ್ತರಿಸಿತು. ಮನೆಯಲ್ಲಿ ಕುಳಿತು ಕಟ್ಟುವವರು ನೌಕರರೇ ಅಲ್ಲ ಎಂದು ಮಾಲೀಕರು ವಾದಿಸಿದಾಗ, ಅವರೂ ನೌಕರರೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ತೀರ್ಪು ಕೊಟ್ಟಿತು. ಆದ್ದರಿಂದ ದೊಡ್ಡಮ್ಮನ ಪೆಟ್ಟಿಗೆಯಲ್ಲಿ ಪಿ.ಎಫ್. ಚೀಟಿಯೋ ಬೀಡಿ ಕಾರ್ಮಿಕರ ಗುರುತುಚೀಟಿಯೋ ಇದ್ದರೆ ಅದನ್ನು ಹಳೆಯ ಕಾಗದವೆಂದು ಬದಿಗಿಡಬೇಡಿ, ಪುಸ್ತಿಕೆಯಲ್ಲಿ ಅದರ ಚಿತ್ರವನ್ನು ಅಚ್ಚು ಹಾಕಿಸಿ. ಬೀಡಿ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ನಿಧಿಯಿಂದ ವಿದ್ಯಾರ್ಥಿವೇತನ ಸಿಗುತ್ತಿತ್ತು. ನೀವು ಅವರ ಹೊಟ್ಟೆಯಲ್ಲಿ ಹುಟ್ಟಿದವರಲ್ಲವಾದ್ದರಿಂದ ಅದು ನಿಮಗೆ ಸಿಗದೇ ಹೋಗಿರಬಹುದು. ಹಾಗಾಗಿದ್ದರೆ ಮೂವರ ಓದಿನ ಪೂರ್ತಿ ಖರ್ಚು ಅವರ ಬೆರಳುಗಳಿಂದಲೇ ಬಂದದ್ದು ಎಂಬುದನ್ನು ಬರೆಯಲು ಮರೆಯಬೇಡಿ. ಆ ದುಡಿಮೆ ಅವರ ದೇಹದಿಂದ ವಸೂಲು ಮಾಡಿದ್ದನ್ನೂ ಬರೆಯಿರಿ. ಹೊಗೆಸೊಪ್ಪಿನ ಧೂಳಿನ ಕೆಮ್ಮು, ಬಗ್ಗಿ ಕುಳಿತ ಬೆನ್ನು, ಮಂಜಾದ ಕಣ್ಣು, ಇವು ಬೀಡಿ ಕಟ್ಟಿದ ಬಹಳಷ್ಟು ಹೆಂಗಸರ ಮುಪ್ಪಿನ ಸಂಗತಿಗಳು. ಗಟ್ಟಿಗಿತ್ತಿ ಎಂದು ಹೊಗಳುವ ಭರದಲ್ಲಿ ಅವರ ನೋವನ್ನು ಅಳಿಸಿ ಹಾಕಿದರೆ ಅದು ಅವರಿಗೆ ಮಾಡುವ ಅನ್ಯಾಯ.

ಇನ್ನು ಗದ್ದೆಯ ವಿಷಯ. ಚಾಲಗೇಣಿ ಎಂದರೆ ಒಡೆಯರು ಯಾವಾಗ ಬೇಕಾದರೂ ಬಿಡಿಸಬಹುದಾದ ಗೇಣಿ. ಶಾಶ್ವತ ಗೇಣಿಯಾದ ಮೂಲಗೇಣಿಯವರಿಗಿದ್ದ ಭದ್ರತೆ ಚಾಲಗೇಣಿಯವರಿಗೆ ಇರಲಿಲ್ಲ. ಮುಡಿಗಟ್ಟಲೆ ಅಕ್ಕಿ ಅಳೆದು ಕೊಟ್ಟ ಮೇಲೂ ಮುಂದಿನ ವರ್ಷ ಗದ್ದೆ ತಮ್ಮ ಕೈಯಲ್ಲೇ ಇರುತ್ತದೆಂಬ ನಂಬಿಕೆ ಇರುತ್ತಿರಲಿಲ್ಲ. ಗಂಡಸಿಲ್ಲದ ಮನೆಯಲ್ಲಂತೂ ಆ ಭಯ ಇನ್ನೂ ಹೆಚ್ಚು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಗೆ ಕೊಟ್ಟ ಜಮೀನು ಸರ್ಕಾರದಲ್ಲಿ ನಿಹಿತವಾಯಿತು, ಅಂದರೆ ಅದರ ಒಡೆತನ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯ ಎದುರು ತಮ್ಮ ಗೇಣಿಯನ್ನು ರುಜುವಾತು ಮಾಡಿ ಅಧಿಭೋಗದ, ಅಂದರೆ ಜಮೀನನ್ನು ತಮ್ಮದಾಗಿ ಅನುಭವಿಸುವ, ಹಕ್ಕನ್ನು ಪಡೆಯಬೇಕಾಗಿತ್ತು. ನಿಮ್ಮ ಜಿಲ್ಲೆಯಲ್ಲಿ ಅದನ್ನು ‘ಡಿಕ್ಲರೇಶನ್ ಕೊಡುವುದು’ ಎಂದು ಇಂದಿಗೂ ಕರೆಯುತ್ತಾರೆ. ಅರ್ಜಿ ಕೊಡುವ ಅವಧಿಯನ್ನು ಹಲವು ಬಾರಿ ಮುಂದೂಡಿ, ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು. ಆರಂಭದಲ್ಲಿ ವಕೀಲರು ಅಲ್ಲಿ ವಾದಿಸುವಂತಿರಲಿಲ್ಲ. ಗೇಣಿದಾರರೇ ನಿಂತು ಹೇಳಬೇಕಾಗಿತ್ತು. ಮನೆಯ ಅಂಗಳ ದಾಟಿ ತಾಲ್ಲೂಕು ಕಚೇರಿಗೆ ಹೋಗಿ, ಇಷ್ಟು ವರ್ಷ ಯಾರ ಎದುರು ತಲೆ ತಗ್ಗಿಸಿ ನಿಂತಿದ್ದರೋ ಆ ಒಡೆಯರ ಎದುರೇ ‘ಈ ಗದ್ದೆ ನಾನು ಮಾಡುತ್ತಿದ್ದೇನೆ’ ಎಂದು ಒಬ್ಬ ವಿಧವೆ ಹೇಳುವುದು ಎಂಥ ಕೆಲಸವೆಂದು ನಿಮ್ಮ ಓದುಗರು ತಿಳಿಯಬೇಕು. ಅವರು ಅಲ್ಲಿಗೆ ಹೋದ ದಿನ ಯಾರ ಜೊತೆ ಹೋದರು, ಬಸ್ಸಿನಲ್ಲೋ ನಡೆದೋ, ಸಾಕ್ಷಿ ಹೇಳಿದ ನೆರೆಯವರು ಯಾರು ಎಂಬುದನ್ನು ಊರಿನ ಹಳಬರಲ್ಲಿ ಈಗಲೇ ಕೇಳಿ, ಏಕೆಂದರೆ ಆ ಕಾಲವನ್ನು ಕಂಡವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ಕೇಳುವುದರ ಜೊತೆಗೆ ದಾಖಲೆಯನ್ನೂ ಹುಡುಕಿ. ಭೂ ನ್ಯಾಯಮಂಡಳಿಯ ಕಡತಗಳಿಗಾಗಿ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ವಿಚಾರಿಸಬೇಕು. ಸರ್ವೆ ನಂಬರು ಮತ್ತು ಗ್ರಾಮದ ಹೆಸರು ಕೊಟ್ಟು ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಅದು ಫಲಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಮೂಲಕ ಕೇಳಬಹುದು. ಕಡತ ಸಿಕ್ಕರೆ ಅದರಲ್ಲಿ ನಮೂನೆ 7ರ ಜೊತೆಗೆ ವಿಚಾರಣೆಯಲ್ಲಿ ದಾಖಲಿಸಿಕೊಂಡ ಅವರ ಹೇಳಿಕೆಯೂ ಇರುವ ಸಂಭವವಿದೆ. ಗುಮಾಸ್ತರ ಕೈಬರಹದ ಸರ್ಕಾರಿ ಕನ್ನಡದಲ್ಲಿ ಇದ್ದರೂ ಅದು ಅವರು ಆಡಿದ ಮಾತು, ಅದರ ಕೆಳಗಿನ ಹೆಬ್ಬೆಟ್ಟು ಅಥವಾ ಸಹಿ ಅವರದೇ. ಹಿರಿಯರು ಬರೆದ ಪುಟಗಳ ಬದಲಿಗೆ ಆ ಒಂದು ಪುಟವನ್ನು ಪುಸ್ತಿಕೆಯ ನಡುವೆ ಇಡಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಮೈದುನನ ಸಂಗತಿಗೆ ಬರುತ್ತೇನೆ. ಅದನ್ನು ಬಿಡಬೇಡಿ. ಗೇಣಿದಾರ ತೀರಿಕೊಂಡರೆ ಗೇಣಿಯ ಹಕ್ಕು ಅವನ ವಾರಸುದಾರರಿಗೆ ಮುಂದುವರಿಯುತ್ತದೆ ಎಂದು ಕಾಯ್ದೆಯೇ ಹೇಳುತ್ತಿತ್ತು. ಹಾಗೆ ನೋಡಿದರೆ ನಿಮ್ಮ ದೊಡ್ಡಮ್ಮ ತಮ್ಮದನ್ನೇ ಕೇಳಿದರು. ಆದರೆ ಎಷ್ಟೋ ಮನೆಗಳಲ್ಲಿ ಅರ್ಜಿ ಮನೆಯ ಗಂಡಸಿನ ಹೆಸರಿನಲ್ಲಿ ಹೋಯಿತು, ಗದ್ದೆಯಲ್ಲಿ ನೇಜಿ ನೆಟ್ಟ ಹೆಂಗಸಿನ ಹೆಸರು ಪಹಣಿಯಲ್ಲಿ ಬರಲೇ ಇಲ್ಲ. ಇದನ್ನು ಅರಿತು ಓದಿದರೆ ಮಾತ್ರ ಅವರ ‘ಒಪ್ಪಲಿಲ್ಲ’ ಎಂಬ ನಡೆಯ ತೂಕ ತಿಳಿಯುತ್ತದೆ. ಹಾಗೆಂದು ಮೈದುನನನ್ನು ದುಷ್ಟನನ್ನಾಗಿ ಚಿತ್ರಿಸುವ ಅಗತ್ಯವೂ ಇಲ್ಲ. ಅವಿಭಕ್ತ ಕುಟುಂಬದ ಗೇಣಿಯೆಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದಿರಬಹುದು, ಅಂಥ ತಕರಾರುಗಳು ನ್ಯಾಯಾಲಯಗಳಲ್ಲಿ ದಶಕಗಳ ಕಾಲ ನಡೆದಿವೆ. ‘ಅರ್ಜಿ ಯಾರ ಹೆಸರಿನಲ್ಲಿರಬೇಕು ಎಂಬ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯ ಬಂದಾಗ ದೊಡ್ಡಮ್ಮ ತಮ್ಮ ಹೆಸರಿನಲ್ಲೇ ಕೊಡುವುದಾಗಿ ಹೇಳಿ ಹಾಗೆಯೇ ಮಾಡಿದರು’ ಎಂದು ಬರೆದರೆ ಯಾರ ಮಾನಕ್ಕೂ ಕುಂದಿಲ್ಲ, ನಡೆದದ್ದೂ ಉಳಿಯುತ್ತದೆ. ಪುಸ್ತಿಕೆ ಅಚ್ಚಿಗೆ ಹೋಗುವ ಮೊದಲು ಈ ವಾಕ್ಯವನ್ನು ಮೈದುನನ ಮಕ್ಕಳಿಗೆ ನೀವೇ ಹೋಗಿ ಓದಿ ಹೇಳಿ. ಅವರಿಗೆ ಬೇರೆಯವರಿಂದ ತಿಳಿಯಬಾರದು. ಇದೇ ಕಾಯ್ದೆಯಿಂದ ಗೇಣಿಯ ಅಕ್ಕಿಯನ್ನೇ ನಂಬಿದ್ದ ಕೆಲವು ಒಡೆಯರ ಮನೆಯ ವಿಧವೆಯರೂ ಬರಿಗೈಯಾದರು ಎಂಬುದು ನಿಜ. ನಿಮ್ಮ ಊರಿನಲ್ಲಿ ಅಂಥವರಿದ್ದು ದೊಡ್ಡಮ್ಮ ಅವರ ಬಗ್ಗೆ ಏನಾದರೂ ಹೇಳಿದ್ದರೆ, ಅದಕ್ಕೂ ಪುಸ್ತಿಕೆಯಲ್ಲಿ ಜಾಗವಿರಲಿ.

ಕೊನೆಯದಾಗಿ, ದುಡಿಮೆಯಾಚೆಗಿನ ದೊಡ್ಡಮ್ಮನೂ ಒಬ್ಬರಿದ್ದರಲ್ಲವೇ? ಯಾವ ಊಟ ಅವರಿಗೆ ಇಷ್ಟವಾಗಿತ್ತು, ಯಕ್ಷಗಾನದ ಬಯಲಾಟಕ್ಕೆ ಹೋಗುತ್ತಿದ್ದರೇ, ಯಾರ ಮೇಲೆ ಸಿಟ್ಟಿತ್ತು, ಯಾವ ಮಾತಿಗೆ ನಗುತ್ತಿದ್ದರು? ಮನೆಯ ಮಾತು ತುಳುವಾಗಿದ್ದರೆ ಅವರು ಆಡಿದ ಮಾತುಗಳನ್ನು ತುಳುವಿನಲ್ಲೇ ಕನ್ನಡ ಅಕ್ಷರಗಳಲ್ಲಿ ಬರೆದು ಅರ್ಥವನ್ನು ಕೆಳಗೆ ಕೊಡಿ. ಅವರ ಸಿಟ್ಟನ್ನು ಬಿಡಬೇಡಿ. ನಿಮ್ಮನ್ನು ಬೈದದ್ದು, ಹಟ ಮಾಡಿದ್ದು, ಮಕ್ಕಳಲ್ಲಿ ಒಬ್ಬರ ಮೇಲೆ ಹೆಚ್ಚು ಮಮತೆ ತೋರಿದ್ದು, ಇವೆಲ್ಲ ಅವರನ್ನು ಕಂಡವರಿಗೆ ನೆನಪಿರುವ ಸಂಗತಿಗಳು, ಮತ್ತು ಇವು ಇದ್ದಾಗಲೇ ‘ಹೌದು, ಇವರು ನಮ್ಮ ದೊಡ್ಡಮ್ಮ’ ಎಂದು ನಿಮ್ಮ ತಮ್ಮ ತಂಗಿಯರು ಒಪ್ಪುತ್ತಾರೆ.

ಪ್ರಶ್ನೆ: ನಮ್ಮ ತಂದೆಯ ಸೋದರತ್ತೆ ಒಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ, ಗಂಡನ ಮನೆಗೆ ಹೋಗುವ ಮೊದಲೇ ವಿಧವೆಯಾಗಿ, ತಲೆ ಬೋಳಿಸಿ ಕೆಂಪು ಸೀರೆ ಉಟ್ಟು ತವರಿನಲ್ಲೇ ಎಂಬತ್ತರವರೆಗೆ ಬದುಕಿದರು. ಹುಟ್ಟಿದ್ದು 1910ರ ಸುಮಾರಿಗೆ. ಮನೆಯ ಅಷ್ಟೂ ಬಾಣಂತನಗಳನ್ನು ಮಾಡಿದವರು ಅವರೇ. ಒಂದೇ ಒಂದು ಭಾವಚಿತ್ರವೂ ಇಲ್ಲ, ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅವರ ಬಗ್ಗೆ ಬರೆಯಲು ಎಲ್ಲಿಂದ ಆರಂಭಿಸಬೇಕು?
(ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ)

ಉತ್ತರ: ಅವರ ಬಾಲ್ಯದ ಕಾನೂನಿನಿಂದ ಆರಂಭಿಸಿ. ನಿಮ್ಮ ಊರು ಆಗ ಮೈಸೂರು ಸಂಸ್ಥಾನದಲ್ಲಿತ್ತು. ಬಾಲ್ಯವಿವಾಹವನ್ನು ತಡೆಯಲು ಮೈಸೂರು ಸರ್ಕಾರ 1894ರಲ್ಲೇ ಒಂದು ಕಾಯ್ದೆಯನ್ನು ತಂದಿತ್ತು, ದೇಶದಲ್ಲಿ ಅದು ಬಹಳ ಮುಂಚಿನದು ಎಂಬ ಹೆಮ್ಮೆಯೂ ನಮಗಿದೆ. ಆದರೆ ಅದು ನಿಷೇಧಿಸಿದ್ದು ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಯರ ಮದುವೆಯನ್ನು, ಮತ್ತು ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನು. ನಿಮ್ಮ ಅತ್ತೆಯ ಒಂಬತ್ತನೆಯ ವಯಸ್ಸಿನ ಮದುವೆ ಆ ಕಾಯ್ದೆಯ ಕಣ್ಣಿಗೆ ತಪ್ಪೇ ಆಗಿರಲಿಲ್ಲ. ಹುಡುಗಿಯರಿಗೆ ಹದಿನಾಲ್ಕು ವರ್ಷವೆಂದು ಗೊತ್ತುಮಾಡಿದ 1929ರ ಶಾರದಾ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಬಂದದ್ದು, ಅದೂ ಅವರ ಮದುವೆಯಾಗಿ ಸುಮಾರು ಹತ್ತು ವರ್ಷಗಳ ಮೇಲೆ. ಹಿಂದೂ ವಿಧವೆಯ ಮರುಮದುವೆಯನ್ನು ಬ್ರಿಟಿಷ್ ಇಂಡಿಯಾದ ಕಾನೂನು 1856ರಲ್ಲೇ ಒಪ್ಪಿತ್ತು. ಮನೆತನ, ಮಠ, ಊರಿನ ಬಾಯಿ ಒಪ್ಪಿರಲಿಲ್ಲ. ಅವರ ವೈಧವ್ಯವನ್ನು ‘ವಿಧಿ’ ಎಂದು ಬರೆಯುವ ಮುನ್ನ ಇಷ್ಟನ್ನು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಆಸ್ತಿಯ ಮಟ್ಟಿಗೂ ಅವರು ಎರಡು ಕಾಲಗಳ ನಡುವೆ ಬದುಕಿದವರು. ಅವಿಭಕ್ತ ಕುಟುಂಬದ ವಿಧವೆಗೆ ಜೀವನಾಂಶದ ಹೊರತು ಹೆಚ್ಚೇನೂ ದಕ್ಕದಿದ್ದ ಕಾಲದಲ್ಲಿ ಹುಟ್ಟಿದರು. ಮೈಸೂರಿನಲ್ಲಿ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂದಾಗ ಅವರಿಗೆ ಇಪ್ಪತ್ತಮೂರರ ಆಸುಪಾಸು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಂಗಸಿನ ಕೈಯಲ್ಲಿರುವ ಆಸ್ತಿಗೆ ಅವಳನ್ನೇ ಪೂರ್ಣ ಒಡತಿಯನ್ನಾಗಿ ಮಾಡಿದಾಗ ನಲವತ್ತಾರು ದಾಟುತ್ತಿತ್ತು. ಈ ಪೈಕಿ ಯಾವುದಾದರೂ ಅವರಿಗೆ ತಲುಪಿತೇ? ಉಪನೋಂದಣಿ ಕಚೇರಿಯಲ್ಲಿ ಕುಟುಂಬದ ಜಮೀನಿನ ಹಳೆಯ ವಿಭಾಗಪತ್ರಗಳ ನಕಲನ್ನು ತೆಗೆಸಿ ನೋಡಿ. ಅಲ್ಲಿ ಅವರ ಹೆಸರು ‘ಜೀವನಾಂಶ’ ಎಂಬ ಮಾತಿನ ಪಕ್ಕದಲ್ಲಿದ್ದರೆ ಎಷ್ಟು ಖಂಡುಗ ಭತ್ತ, ಎಷ್ಟು ಅಡಕೆ, ಉಟ್ಟುಕೊಳ್ಳಲು ವರ್ಷಕ್ಕೆ ಎಷ್ಟು ಸೀರೆ ಎಂದು ಬರೆದಿರಬಹುದು. ಹೆಸರೇ ಇಲ್ಲದಿದ್ದರೆ ಅದನ್ನೂ ಬರೆಯಬೇಕು. ಅವರು ಕಾಶಿಗೋ ಗಯೆಗೋ ಹೋಗಿದ್ದರೆ ಅಲ್ಲಿನ ಪಂಡಾಗಳು ಯಾತ್ರಿಕರ ಊರು, ಕುಲ, ಹೆಸರುಗಳನ್ನು ತಲೆಮಾರುಗಳಿಂದ ವಹಿಯಲ್ಲಿ ಬರೆದಿಡುವವರು, ಅಲ್ಲಿ ವಿಚಾರಿಸಬಹುದು.

ಇವರ ಜೊತೆಗೆ ಅದೇ ಕಾಲದ ಇನ್ನಿಬ್ಬರನ್ನು ನೆನೆಯದೆ ನನಗೆ ಮುಂದೆ ಹೋಗಲಾಗುವುದಿಲ್ಲ. 1887ರಲ್ಲಿ ಹುಟ್ಟಿದ ನಂಜನಗೂಡು ತಿರುಮಲಾಂಬಾ ಹತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ ಹದಿನಾಲ್ಕರಲ್ಲಿ ವಿಧವೆಯಾದರು. ತಂದೆಯ ಬೆಂಬಲದಿಂದ ಮನೆಯಲ್ಲೇ ಓದಿ, 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ, ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ಹೊರಡಿಸಿ, ಲೇಖಕಿಯಾಗಿ, ಪ್ರಕಾಶಕಿಯಾಗಿ, ಸಂಪಾದಕಿಯಾಗಿ ಕನ್ನಡಕ್ಕೆ ದಾರಿ ತೆರೆದರು. ಬಾಲವಿಧವೆಯೇ ಆಗಿದ್ದ ಆರ್. ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ ಪತ್ರಿಕೆಯನ್ನು ಆರಂಭಿಸಿ ದಶಕಗಳ ಕಾಲ ನಡೆಸಿದರು. ನಿಮ್ಮ ಅತ್ತೆಗೂ ತಿರುಮಲಾಂಬಾ ಅವರಿಗೂ ಬುದ್ಧಿಯಲ್ಲಿ ಅಂತರವಿತ್ತೆಂದು ಹೇಳಲು ನಮ್ಮಲ್ಲಿ ಯಾವ ಆಧಾರವೂ ಇಲ್ಲ. ಒಬ್ಬರ ಕೈಗೆ ಮನೆಯವರು ಪುಸ್ತಕ ಕೊಟ್ಟರು, ಇನ್ನೊಬ್ಬರ ಕೈಗೆ ಬಾಣಂತಿಯ ಎಣ್ಣೆಬಟ್ಟಲನ್ನು ಕೊಟ್ಟರು. ಆ ಎಣ್ಣೆಬಟ್ಟಲಿನ ಹಿಂದೆ ಒಂದು ವಿದ್ಯೆಯಿತ್ತು. ಯಾವ ದಿನ ಯಾವ ಕಷಾಯ, ಬಾಣಂತಿಗೆ ಯಾವ ಪಥ್ಯ, ಮಗು ಹಾಲು ಕುಡಿಯದಿದ್ದರೆ ಏನು ಮಾಡಬೇಕು ಎಂಬುದನ್ನು ಅವರು ಯಾರಿಂದ ಕಲಿತರು, ಅವರಿಂದ ಯಾರು ಕಲಿತರು ಎಂದು ಮನೆಯ ಹಿರಿಯ ಹೆಂಗಸರಲ್ಲಿ ಕೇಳಿ. ಮಂಗಳಕಾರ್ಯಗಳಲ್ಲಿ ಎದುರಿಗೆ ಬರಬಾರದೆಂದು ಮನೆಯೇ ಒಳಗೆ ಕೂರಿಸಿದ ಹೆಂಗಸಿನ ಕೈಗೆ ಅದೇ ಮನೆಯ ಪ್ರತಿ ಹಸುಗೂಸೂ ಮೊದಲು ಬರುತ್ತಿತ್ತು. ನಿಮ್ಮ ತಂದೆಯವರೂ, ಬಹುಶಃ ನೀವೂ, ಆ ಕೈಯಲ್ಲೇ ಮೊದಲ ಸ್ನಾನ ಮಾಡಿದವರು. ಭಾವಚಿತ್ರವಿಲ್ಲವೆಂದು ಕೊರಗಬೇಡಿ. ಅವರ ಕೈಯಲ್ಲಿ ಬಾಣಂತನ ಮಾಡಿಸಿಕೊಂಡವರ, ಅವರು ಎತ್ತಿ ಆಡಿಸಿದ ಮಕ್ಕಳ ಹೆಸರುಗಳನ್ನು ಹುಟ್ಟಿದ ವರ್ಷದ ಸಮೇತ ಕಲೆಹಾಕಿ ಬರೆಯಿರಿ. ಅವರ ಬದುಕಿನ ಕಾಲಾನುಕ್ರಮ ಅದರಿಂದಲೇ ಸಿದ್ಧವಾಗುತ್ತದೆ.

ಪ್ರಶ್ನೆ: ನಮ್ಮ ಚಿಗವ್ವ ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿದ್ದಾರೆ, ಎಂಬತ್ತರ ಹತ್ತಿರದ ವಯಸ್ಸು. 1972ರ ಬರಗಾಲದಲ್ಲಿ ಬರ ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆದು ಎರಡು ಮಕ್ಕಳನ್ನು ಉಳಿಸಿಕೊಂಡವರು. ಮುಂಬಯಿಯಿಂದ ಹೋದಾಗಲೆಲ್ಲ ‘ನಿನ್ನ ಕಥಿ ಹೇಳು’ ಎಂದು ಕೇಳುತ್ತೇನೆ. ‘ಏನ್ ಹೇಳೂದವ್ವಾ, ಎಲ್ಲಾರಿಗೂ ಬಂದದ್ದ ನನಗೂ ಬಂತು’ ಎಂದು ಸುಮ್ಮನಾಗುತ್ತಾರೆ. ಅವರನ್ನು ಮಾತಾಡಿಸುವುದು ಹೇಗೆ?
(ಓದುಗರು, ಮುಂಬಯಿ)

ಉತ್ತರ: ‘ಕಥಿ ಹೇಳು’ ಎಂಬುದು ಬಹಳ ದೊಡ್ಡ ಪ್ರಶ್ನೆ, ಅದಕ್ಕೆ ಉತ್ತರ ಎಲ್ಲಿಂದ ಹಿಡಿಯಬೇಕೆಂದು ಅವರಿಗೆ ತೋಚದೇ ಇರಬಹುದು. ಸಣ್ಣದನ್ನು ಕೇಳಿ. ಕಲ್ಲು ಒಡೆಯಲು ಹೋಗುವಾಗ ಕೂಸನ್ನು ಎಲ್ಲಿ ಮಲಗಿಸುತ್ತಿದ್ದಿರಿ? ನೀರು ಎಷ್ಟು ದೂರದಿಂದ ತರುತ್ತಿದ್ದಿರಿ? ಪಗಾರ ಕೈಗೆ ಕೊಡುತ್ತಿದ್ದವರು ಯಾರು? ರೇಷನ್ನಿನ ಜೋಳದಲ್ಲಿ ರೊಟ್ಟಿ ಬಡಿದರೆ ಹರಿಯುತ್ತಿತ್ತೇ? ಎತ್ತುಗಳನ್ನು ಮಾರಿದಿರಾ, ಮಾರಿದ ದಿನ ಮನೆಯಲ್ಲಿ ಏನಾಯಿತು? ಇಂಥ ಪ್ರಶ್ನೆಗಳನ್ನು ಎದುರಿಗೆ ಕುಳಿತು ಕೇಳಬೇಡಿ, ಅವರು ಕಾಳು ಹಸನು ಮಾಡುವಾಗಲೋ ಕೌದಿ ಹೊಲಿಯುವಾಗಲೋ ಜೊತೆಗೆ ಕೈ ಹಾಕಿ ಕೇಳಿ. ಅವರ ವಾರಿಗೆಯ ಇನ್ನೊಬ್ಬ ಹೆಂಗಸು ಪಕ್ಕದಲ್ಲಿದ್ದರೆ ಒಳ್ಳೆಯದು. ಒಬ್ಬರು ತಪ್ಪಿ ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತ ಮಾತು ತಾನಾಗಿ ಬೆಳೆಯುತ್ತದೆ. ಬೀಸುವ ಪದಗಳನ್ನು ಹಾಡಿಸಿ ನೋಡಿ. ನೇರವಾಗಿ ಹೇಳಲಾಗದ ಅತ್ತೆಮನೆಯ ಸಂಕಟವನ್ನು ನಮ್ಮ ಹೆಂಗಸರು ಬೀಸುವ ಕಲ್ಲಿನ ಮುಂದೆ ಕುಳಿತು ಆ ಪದಗಳಲ್ಲೇ ಹೇಳಿಕೊಂಡವರು.

ಧ್ವನಿಮುದ್ರಣ ಮಾಡುವ ಮೊದಲು ಅವರಿಗೆ ಹೇಳಿ ಒಪ್ಪಿಗೆ ಪಡೆಯಿರಿ, ಮತ್ತು ಮುದ್ರಿಸಿದ್ದನ್ನು ಅವರಿಗೇ ಮರಳಿ ಕೇಳಿಸಿ. ಬರೆಯುವಾಗ ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ನೀವು ಪತ್ರದಲ್ಲಿ ಬರೆದಿರುವ ಅವರ ಒಂದೇ ಸಾಲು ಹಾಗೆಯೇ ಇರುವುದರಿಂದಲೇ ಅವರು ನನಗೆ ಸ್ವಲ್ಪ ಪರಿಚಯವಾದರು. ಆ ಸಾಲನ್ನು ಅವರ ವಿನಯವೆಂದು ತಳ್ಳಿಹಾಕಬೇಡಿ. ಆ ವರ್ಷ ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಬರಪೀಡಿತ ಹಳ್ಳಿಗಳ ಲಕ್ಷಾಂತರ ಜನ ಕಾಮಗಾರಿಗಳಲ್ಲಿ ಮಣ್ಣು ಹೊತ್ತು ಕಲ್ಲು ಒಡೆದು ಬದುಕಿದರು. ತಾನೊಬ್ಬಳೇ ಪಾರಾದೆನೆಂದು ಹೇಳಿಕೊಳ್ಳಲು ಅವರಿಗೆ ಮನಸ್ಸಿಲ್ಲ, ಜೊತೆಗಿದ್ದವರನ್ನು ಬಿಟ್ಟು ತನ್ನ ಕಥೆಯನ್ನು ಹೇಳುವುದು ಅವರಿಗೆ ಸರಿಯೆನಿಸುತ್ತಿಲ್ಲ. ‘ನಿಮ್ಮ ಕೂಡ ಯಾರ್ಯಾರು ಇದ್ದರು?’ ಎಂದು ಕೇಳಿ. ಕೆಲವನ್ನು ಅವರು ಹೇಳದೇ ಇರಬಹುದು. ಎರಡು ಮಕ್ಕಳನ್ನು ಉಳಿಸಿಕೊಂಡರು ಎಂದು ಬರೆದಿದ್ದೀರಿ. ಉಳಿಯದೇ ಹೋದ ಮಗುವೊಂದು ಇದ್ದಿರಬಹುದು. ಅದನ್ನು ಅವರಾಗಿ ಎತ್ತಿದರೆ ಮಾತ್ರ ಕೇಳಿಸಿಕೊಳ್ಳಿ.

ಪ್ರಶ್ನೆ: ನಮ್ಮ ಅತ್ತೆ ಶಾಲೆಯ ಅಡುಗೆ ಕೆಲಸ ಮಾಡಿ ಮಕ್ಕಳನ್ನು ಬೆಳೆಸಿದವರು. ಅಜ್ಜ ತೀರಿಕೊಂಡ ಮೇಲೆ ನಮ್ಮ ತಂದೆ ಮತ್ತು ಚಿಕ್ಕಪ್ಪಂದಿರು ಅವರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು, ಅವರಿಗೆ ಅರಿಶಿನ ಕುಂಕುಮಕ್ಕೆಂದು ಸ್ವಲ್ಪ ಹಣ ಕೊಟ್ಟರು. ಈಗ ಅತ್ತೆಯೂ ಇಲ್ಲ, ತಂದೆಯೂ ಇಲ್ಲ. ಅತ್ತೆಯ ನೆನಪಿನ ಲೇಖನದಲ್ಲಿ ಇದನ್ನು ಬರೆಯುವುದು ಸರಿಯೇ?
(ಹೆಸರು ಬೇಡ, ಮಂಡ್ಯ ಜಿಲ್ಲೆ)

ಉತ್ತರ: ಸರಿ, ಮತ್ತು ಬರೆಯಬೇಕಾದವರು ನೀವೇ, ಏಕೆಂದರೆ ಆ ಸಹಿ ಬಿದ್ದದ್ದು ನಿಮ್ಮ ಕಡೆಗೆ. ತವರಿನ ಬಾಗಿಲು ಮುಚ್ಚಬಾರದೆಂಬ ಒಂದೇ ಆಸೆಯಿಂದ ಸಹಿ ಹಾಕಿದ ಹೆಣ್ಣುಮಕ್ಕಳು ಈ ನಾಡಿನಲ್ಲಿ ಅಸಂಖ್ಯ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಹುಟ್ಟಿನಿಂದ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತಾದರೂ ಆ ಮೊದಲೇ ಮದುವೆಯಾಗಿದ್ದವರಿಗೆ ಅದು ಅನ್ವಯಿಸಲಿಲ್ಲ. 2005ರ ಕೇಂದ್ರ ತಿದ್ದುಪಡಿ ಆ ತಡೆಯನ್ನು ತೆಗೆಯಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ನಿಮ್ಮ ಅತ್ತೆ ಸಹಿ ಹಾಕಿದ ವರ್ಷ ಯಾವುದೆಂದು ಪತ್ರ ತೆಗೆದು ನೋಡಿ, ಆಗಿನ ಕಾನೂನು ಅವರಿಗೆ ಏನು ಕೊಡುತ್ತಿತ್ತು ಎಂದು ತಿಳಿದ ವಕೀಲರಲ್ಲಿ ವಿಚಾರಿಸಿ, ಅದನ್ನು ತಾರೀಖಿನ ಸಮೇತ ಎರಡು ವಾಕ್ಯಗಳಲ್ಲಿ ಬರೆಯಿರಿ. ತಂದೆಯವರ ಪರವಾಗಿ ಸಮರ್ಥನೆ ಬೇಡ, ದೂಷಣೆಯೂ ಬೇಡ. ಅಷ್ಟು ಮಾಡಿದ ಮೇಲೆ ಶಾಲೆಯ ಅಡುಗೆಮನೆಗೆ ಹಿಂದಿರುಗಿ. ಅವರ ಬದುಕಿನ ಹೆಚ್ಚಿನ ಪಾಲು ಕಳೆದದ್ದು ಅಲ್ಲಿಯೇ ಹೊರತು ಉಪನೋಂದಣಿ ಕಚೇರಿಯಲ್ಲಲ್ಲ. ಎಷ್ಟು ಮಕ್ಕಳಿಗೆ ಬಡಿಸುತ್ತಿದ್ದರು, ಯಾವ ಹೊತ್ತಿಗೆ ಒಲೆ ಹಚ್ಚುತ್ತಿದ್ದರು, ತಿಂಗಳ ಗೌರವಧನ ಎಷ್ಟು ಬರುತ್ತಿತ್ತು, ಅದು ತಡವಾದಾಗ ಏನು ಮಾಡುತ್ತಿದ್ದರು ಎಂಬುದನ್ನು ಅವರ ಜೊತೆ ಕೆಲಸ ಮಾಡಿದವರಿಂದ ಕೇಳಿ ತಿಳಿಯಿರಿ.

ಲೇಖನ ಪ್ರಕಟವಾಗುವ ಮೊದಲು ಅತ್ತೆಯ ಮಕ್ಕಳಿಗೆ ಅದನ್ನು ಓದಲು ಕೊಡಿ. ಹಕ್ಕು ಬಿಡುಗಡೆಯ ಭಾಗ ಬೇಡವೆಂದು ಅವರು ಹೇಳಿದರೆ ತೆಗೆದುಬಿಡಿ. ಇರಲಿ ಎಂದರೆ, ಪಾಲಿನ ಬಗ್ಗೆ ನಿಮ್ಮ ಮತ್ತು ಅವರ ನಡುವೆ ಒಂದು ಮಾತುಕತೆ ಬಾಕಿಯಿದೆ ಎಂದೇ ತಿಳಿಯಿರಿ, ಅದನ್ನು ಲೇಖನ ಅಚ್ಚಾಗುವವರೆಗೆ ಮುಂದೂಡಬೇಡಿ.